ಹಳೇ ಟ್ರೈಆಂಗ್, ಹೊಸ ಡಿಸಿಸಿ: ಮಾಡೆಲ್ ರೈಲು ಇಂಜಿನ್ ಓಡದೇ ಇದ್ರೆ ದೋಷ ಹುಡುಕೋದು ಹೇಗೆ

ಮಾಡೆಲ್ ರೈಲಿನ ಇಂಜಿನ್ ನಿಂತೋಯ್ತು ಅಂದ್ರೆ ಡಿಜಿಟಲ್ ಇಟ್ಕೊಂಡಿರೋರು ತಕ್ಷಣ ಹೇಳೋದು "ಚಿಪ್ ಹೋಯ್ತು", ಹಳೇದು ಇಟ್ಕೊಂಡಿರೋರು ಹೇಳೋದು "ಮೋಟಾರ್ ಸುಟ್ಟೋಯ್ತು". ನನ್ನ ಮೇಜಿಗೆ ಬಂದಿರೋ ಇಂಜಿನ್‌ಗಳಲ್ಲಿ ಇವೆರಡೂ ನಿಜ ಆಗಿದ್ದು ಕಡಿಮೆ. ಜಾಸ್ತಿ ಸಲ ಸಿಗೋದು ಗಾಲಿ ಮೇಲೆ ಕಪ್ಪು ಕೊಳೆ, ಗಾಲಿಗೆ ತಾಗದೇ ಇರೋ ಪಿಕಪ್ ಪಟ್ಟಿ (ಗಾಲಿಯಿಂದ ಕರೆಂಟ್ ತಗೊಳ್ಳೋ ತೆಳು ಲೋಹ), ಗಟ್ಟಿಯಾಗಿ ಕೂತಿರೋ ಗ್ರೀಸು, ಸೀಳಿರೋ ಗೇರು. ಅರವತ್ತು ವರ್ಷದ ಇಂಜಿನ್ನಲ್ಲೂ ಇದೇ, ಮೊನ್ನೆ ಡಬ್ಬದಿಂದ ತೆಗೆದ ಡಿಜಿಟಲ್ ಇಂಜಿನ್ನಲ್ಲೂ ಇದೇ. ಅದಕ್ಕೇ ಕೇಳಿದೋರಿಗೆಲ್ಲ ನಾನು ಹೇಳೋ ಕ್ರಮ ಒಂದೇ, ಡಿಜಿಟಲ್ ಇಂಜಿನ್ ಕೆಟ್ರೆ ಮೊದ್ಲು ಡಿಕೋಡರ್, ಅಂದ್ರೆ ಆ ಚಿಪ್ಪು, ತೆಗೆದು ಪಕ್ಕಕ್ಕಿಟ್ಟು ಅದನ್ನ ಹಳೇ ಇಂಜಿನ್ ಮಾಡ್ಕೊಳ್ಳಿ, ಹಾಗೆ ಓಡತ್ತಾ ನೋಡಿ, ಓಡಿದ್ರೆ ಮಾತ್ರ ಚಿಪ್ ಕಡೆ ಕೈ ಹಾಕಿ.

ಇಲ್ಲಿ ಹಳೇದು ಅಂದ್ರೆ ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ ತಯಾರಾಗ್ತಿದ್ದ ಟ್ರೈಆಂಗ್ ಇಂಜಿನ್‌ಗಳು, 1950ರ ದಶಕದಲ್ಲಿ ಶುರುವಾಗಿ 1965ರಲ್ಲಿ ಟ್ರೈಆಂಗ್ ಹಾರ್ನ್‌ಬಿ ಅಂತಾಗಿ 1972ರಲ್ಲಿ ಹಾರ್ನ್‌ಬಿ ರೈಲ್ವೇಸ್ ಅನ್ನೋ ಹೆಸರಿಗೆ ಬಂದ ಸಾಲು ಅದು. ಹಳಿ ಅಗಲ 16.5 ಮಿಲಿಮೀಟರ್, ಹಳಿಗೆ 12 ವೋಲ್ಟ್ ತನಕ ಡಿಸಿ, ವೋಲ್ಟೇಜ್ ಏರಿಸಿದ್ರೆ ಜೋರು, ಪ್ಲಸ್ ಮೈನಸ್ ಅದಲು ಬದಲು ಮಾಡಿದ್ರೆ ಹಿಂದಕ್ಕೆ, ಇಷ್ಟೇ ವಿಷಯ. ಹೊಸದು ಅಂದ್ರೆ ಡಿಸಿಸಿ, ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಬರ್ನ್ಡ್ ಲೆನ್ಸ್ ಅವರ ಕೆಲಸದ ಮೇಲೆ ನಿಂತು 1990ರ ದಶಕದಲ್ಲಿ ಅಮೆರಿಕದ ಮಾಡೆಲ್ ರೈಲು ಸಂಘ ಎನ್ಎಂಆರ್‌ಎ ಸ್ಟ್ಯಾಂಡರ್ಡ್ ಮಾಡಿದ ಪದ್ಧತಿ ಇದು. ಇದ್ರಲ್ಲಿ ಹಳಿ ಮೇಲೆ ಯಾವಾಗ್ಲೂ ಪೂರ್ತಿ ವೋಲ್ಟೇಜ್ ಇರತ್ತೆ, ಅದೂ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸ್ತಾ ಇರತ್ತೆ, ಆ ಬದಲಾವಣೆಯ ಉದ್ದ ಗಿಡ್ಡದಲ್ಲೇ ಸಂದೇಶ ಹೋಗತ್ತೆ, ಒಂದೊಂದು ಅರ್ಧವೂ 58 ಮೈಕ್ರೋಸೆಕೆಂಡ್ ಇದ್ರೆ ಅದು 1, 100 ಅಥವಾ ಜಾಸ್ತಿ ಇದ್ರೆ ಅದು 0. ಇಂಜಿನ್ ಒಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಸಂದೇಶ ಓದ್ಕೊಂಡು ಮೋಟಾರಿಗೆ ಎಷ್ಟು ಬೇಕೋ ಅಷ್ಟು ಕೊಡತ್ತೆ.

ಈ ವ್ಯತ್ಯಾಸ ಮನಸ್ಸಲ್ಲಿಟ್ಕೊಳ್ಳಿ, ಯಾಕಂದ್ರೆ ದೋಷ ತೋರಿಸ್ಕೊಳ್ಳೋ ರೀತಿ ಇದ್ರಿಂದಲೇ ಬದಲಾಗತ್ತೆ. ಹಳೇ ಇಂಜಿನ್ನಿಗೆ ಕೊಳೆ ಸಿಕ್ರೆ ಎರಡು ಸಲ ತಡವರಿಸಿ ಮುಂದೆ ಹೋಗತ್ತೆ. ಡಿಜಿಟಲ್ಲಿಗೆ ಅದೇ ಕೊಳೆ ಸಿಕ್ರೆ ಡಿಕೋಡರ್‌ಗೆ ಕರೆಂಟ್ ತಪ್ಪಿ ರೀಸ್ಟಾರ್ಟ್ ಆಗತ್ತೆ, ನೋಡೋರಿಗೆ ಅದು ಚಿಪ್ ಕೆಟ್ಟ ಹಾಗೇ ಕಾಣತ್ತೆ.

ಮೊದ್ಲು ಕರೆಂಟಿನ ವಿಷಯ

ಇದನ್ನ ಹಾರಿಸ್ಕೊಂಡು ಹೋಗ್ಬೇಡಿ ದಯವಿಟ್ಟು. ಹಳೇ ಸೆಟ್ ಜೊತೆ ಬಂದ ಹಳೇ ಕಂಟ್ರೋಲರ್ ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಗೋಡೆ ಪ್ಲಗ್ಗಿಗೆ ಹಾಕ್ಬೇಡಿ. ಒಳಗಿನ ವೈರಿನ ರಬ್ಬರ್ ಪುಡಿಯಾಗಿರತ್ತೆ, ಕಬ್ಬಿಣದ ಪೆಟ್ಟಿಗೆ, ಅರ್ಥಿಂಗ್ ನಂಬೋ ಹಾಗಿಲ್ಲ. ಲೋಡ್ ಇಲ್ಲದಾಗ 12 ವೋಲ್ಟಿಗಿಂತ ಎಷ್ಟೋ ಜಾಸ್ತಿ ಹೊರಗೆ ಬಿಡೋವೂ ಇವೆ, ಹಳೇ ಟ್ರೈಆಂಗ್ ಇಂಜಿನ್ನಿನ ಎಕ್ಸ್04 ಮೋಟಾರು ಅದನ್ನ ತಡ್ಕೊಳ್ಳತ್ತೆ, ಡಿಕೋಡರ್ ತಡ್ಕೊಳ್ಳೋದು ಕಷ್ಟ. ಅಮೆರಿಕದಿಂದ ಯಾರಾದ್ರೂ ಹಳೇ ಲಯನಲ್ ಸೆಟ್ ತಂದುಕೊಟ್ಟಿದ್ರೆ ಅದರ ಟ್ರಾನ್ಸ್‌ಫಾರ್ಮರ್ 120 ವೋಲ್ಟಿಂದು, ನಮ್ಮ 230ಕ್ಕೆ ನೇರ ಹಾಕಿದ್ರೆ ಸುಟ್ಟೋಗತ್ತೆ, ಮನೆಗೂ ಅಪಾಯ. ಜರ್ಮನಿಯ ಮಾರ್ಕ್ಲಿನ್ ಹಳೇ ನೀಲಿ ಟ್ರಾನ್ಸ್‌ಫಾರ್ಮರ್‌ಗಳು 220 ವೋಲ್ಟಿಗೆ ಮಾಡಿದ್ದು. ಮಾರ್ಕ್ಲಿನ್ ಇಂಜಿನ್ ದಿಕ್ಕು ಬದಲಿಸೋದು 24 ವೋಲ್ಟಿನ ಒಂದು ಏಟಿಂದ, 230ಕ್ಕೆ ಹಾಕಿದ್ರೆ ಆ ಏಟು ಇನ್ನೂ ಮೇಲೆ ಹೋಗತ್ತೆ, ಹಳೇ ಕಾಯಿಲ್ ರಿಲೇ ಅದನ್ನ ಲೆಕ್ಕಕ್ಕಿಡಲ್ಲ, ಹೊಸ ಮಾರ್ಕ್ಲಿನ್ ಒಳಗಿನ ಎಲೆಕ್ಟ್ರಾನಿಕ್ಸ್ ಒಂದೇ ಏಟಿಗೆ ಹೋಗಬಹುದು.

ಪರೀಕ್ಷೆಗೆ ಅಂತ ಒಂದು 9 ವೋಲ್ಟ್ ಬ್ಯಾಟರಿ, ಎರಡು ಕ್ರೊಕೊಡೈಲ್ ಕ್ಲಿಪ್ ವೈರು, ಬೀಪ್ ಬರೋ ಮಲ್ಟಿಮೀಟರ್, ಐಸೊಪ್ರೊಪೈಲ್ ಆಲ್ಕೊಹಾಲ್, ಕಿವಿಗೆ ಹಾಕೋ ಬಡ್ಸ್, ಹಲ್ಲುಕಡ್ಡಿ, ಹೊಲಿಗೆ ಮಿಷನ್ ಎಣ್ಣೆ, ವಾಚ್ ರಿಪೇರಿ ಸ್ಕ್ರೂಡ್ರೈವರ್ ಸೆಟ್ ಇದ್ರೆ ಸಾಕು. ಬೆಂಗಳೂರಲ್ಲಿರೋರಿಗೆ ಇಷ್ಟೂ ಎಸ್.ಪಿ. ರೋಡಿನ ಒಂದು ಸುತ್ತಲ್ಲಿ ಸಿಗತ್ತೆ. ಸ್ಟೀಲ್ ವುಲ್ ಮಾತ್ರ ಬೇಡ, ಹಳಿ ಉಜ್ಜೋಕೂ ಬೇಡ, ಅದರ ಎಳೆ ಉದುರಿ ಮೋಟಾರಿನ ಮ್ಯಾಗ್ನೆಟ್ಟಿಗೆ ಅಂಟ್ಕೊಂಡ್ರೆ ಆರ್ಮೇಚರ್ (ಒಳಗೆ ತಿರುಗೋ ಸುರುಳಿ ಭಾಗ) ಕೆರೆದು ಹಾಳಾಗತ್ತೆ.

ಮೋಟಾರಿಂದ ಹೊರಕ್ಕೆ ಬನ್ನಿ, ಹಳಿಯಿಂದ ಒಳಕ್ಕೆ ಹೋಗ್ಬೇಡಿ

ಸುಮಾರು ಜನ ಮಾಡೋದು ಇಂಜಿನ್ ಹಳಿ ಮೇಲಿಟ್ಟು ನಾಬ್ ತಿರುಗಿಸೋದು, ಓಡಲಿಲ್ಲ ಅಂದ್ರೆ ಒಂದೊಂದಾಗಿ ಬಿಚ್ತಾ ಹೋಗೋದು. ಇದ್ರಲ್ಲಿ ಏನೂ ಗೊತ್ತಾಗಲ್ಲ, ಯಾಕಂದ್ರೆ ಹಳಿ, ಗಾಲಿ, ಪಿಕಪ್, ವೈರು, ಬ್ರಷ್, ಸುರುಳಿ ಆರೂ ಒಟ್ಟಿಗೇ ಪರೀಕ್ಷೆ ಆಗ್ತಿದೆ. ಉಲ್ಟಾ ಮಾಡಿ. ಬಾಡಿ ಬಿಚ್ಚಿ 9 ವೋಲ್ಟ್ ನೇರ ಮೋಟಾರಿನ ಎರಡು ಬ್ರಷ್ಷಿಗೆ, ಅಂದ್ರೆ ತಿರುಗೋ ಭಾಗಕ್ಕೆ ಕರೆಂಟ್ ಕೊಡೋ ಕಾರ್ಬನ್ ತುಂಡುಗಳಿಗೆ, ಮುಟ್ಟಿಸಿ. ತಿರುಗಿದ್ರೆ ಮೋಟಾರು ಸರಿ ಇದೆ, ಮುಂದಕ್ಕೆ ಹೋಗಿ. ಆಮೇಲೆ ಒಂದು ವೈರು ಚಾಸಿಗೆ (ಇಂಜಿನ್ನಿನ ಲೋಹದ ಅಡಿ ಚೌಕಟ್ಟು), ಇನ್ನೊಂದು ಪಿಕಪ್ ಪಟ್ಟಿಗೆ. ಟ್ರೈಆಂಗ್‌ನಲ್ಲಿ ಒಂದು ಕಡೆ ಗಾಲಿಗಳಿಗೆ ಇನ್ಸುಲೇಶನ್ ಇಲ್ಲ, ಆ ಕಡೆ ಕರೆಂಟು ಗಾಲಿಯಿಂದ ಆಕ್ಸಲ್, ಆಕ್ಸಲ್ಲಿಂದ ಚಾಸಿ, ಚಾಸಿಯಿಂದ ಬ್ರಷ್ ಹೀಗೆ ಹೋಗತ್ತೆ. ಇನ್ನೊಂದು ಕಡೆ ಗಾಲಿಗಳನ್ನ ತೆಳು ಪಟ್ಟಿ ಉಜ್ಕೊಂಡಿರತ್ತೆ, ಅಲ್ಲಿಂದ ವೈರು. ಚಾಸಿ ಮತ್ತು ಪಟ್ಟಿಗೆ ಕೊಟ್ಟಾಗ ತಿರುಗಿ, ಗಾಲಿಗಳಿಗೆ ಕೊಟ್ಟಾಗ ತಿರುಗದಿದ್ರೆ ಪಟ್ಟಿ ಗಾಲಿಗೆ ತಾಗ್ತಿಲ್ಲ, ಇಲ್ಲಾ ಮಧ್ಯೆ ಕೊಳೆ ಇದೆ. ಗಾಲಿಗೆ ಕೊಟ್ಟಾಗ ತಿರುಗಿ, ಹಳಿ ಮೇಲೆ ತಿರುಗದಿದ್ರೆ ದೋಷ ಇಂಜಿನ್ನಲ್ಲೇ ಇಲ್ಲ, ಹಳಿ, ಜಾಯಿಂಟ್ ಅಥವಾ ಕಂಟ್ರೋಲರ್‌ದು. ನಾಲ್ಕು ಮುಟ್ಟಲ್ಲಿ ದೋಷ ಯಾವ ಕೋಣೆಲಿದೆ ಅಂತ ಸಿಕ್ಕಿಬಿಡತ್ತೆ.

ಹಳಿ ಜಾಯಿಂಟಿನ ಬಗ್ಗೆ ಹೇಳ್ಬೇಕಂದ್ರೆ, ಮಂಗಳೂರು ಉಡುಪಿ ಕಡೆ ಮಳೆಗಾಲದ ತೇವದಲ್ಲಿ ಹಳೇ ಸ್ಟೀಲ್ ಹಳಿ ತುಕ್ಕು ಹಿಡಿಯತ್ತೆ, ಆ ಊರುಗಳಲ್ಲಿ ನಿಕ್ಕಲ್ ಸಿಲ್ವರ್ ಹಳಿ ಬಿಟ್ಟು ಬೇರೆ ಹಾಕ್ಬೇಡಿ. ಪರೀಕ್ಷೆ ಮಾಡುವಾಗ ಹಳಿ ಮೇಲೆ ಇಂಜಿನ್ ಓಡ್ತಾ ಇರ್ಲಿ, ಲೋಡ್ ಇಲ್ಲದೇ ಮೀಟರ್ ಹಿಡಿದ್ರೆ ಕೆಟ್ಟ ಜಾಯಿಂಟ್ ಕೂಡ ಪೂರ್ತಿ ವೋಲ್ಟೇಜ್ ತೋರಿಸಿ ನಂಬಿಸಿಬಿಡತ್ತೆ.

ಎಕ್ಸ್04 ಮೋಟಾರು, ಹತ್ತಿರದಿಂದ

ಟ್ರೈಆಂಗ್‌ನ ಜಿಂಟಿ ಟ್ಯಾಂಕ್ ಇಂಜಿನ್ ಸೇರಿ ಎಷ್ಟೋ ಇಂಜಿನ್‌ಗಳಲ್ಲಿ ಇರೋ ಮೋಟಾರು ಇದು, ಎಲ್ಲಾ ಬಿಚ್ಚಿಕೊಂಡು ಕಣ್ಣೆದುರಿಗೇ ಇರತ್ತೆ, ಮುಚ್ಚಿದ ಡಬ್ಬ ಅಲ್ಲ. ಮೂರು ಪೋಲಿನ ಆರ್ಮೇಚರ್, ತಾಮ್ರದ ಮೂರು ತುಂಡಿನ ಕಮ್ಯುಟೇಟರ್, ಅದರ ಎರಡೂ ಬದಿ ಸಣ್ಣ ಕಾರ್ಬನ್ ಬ್ರಷ್, ಆ ಬ್ರಷ್‌ಗಳನ್ನ ಒತ್ತಿ ಹಿಡಿಯೋಕೆ ಎರಡು ತೋಳಿನ ಒಂದೇ ಸ್ಪ್ರಿಂಗು. ಆ ಸ್ಪ್ರಿಂಗ್‌ನ ಒಂದು ತೋಳಿಗೆ ಮಾತ್ರ ಸಣ್ಣ ಇನ್ಸುಲೇಶನ್ ಕೊಳವೆ ಹಾಕಿರತ್ತೆ, ಇನ್ನೊಂದು ತೋಳು ಬರಿ, ಅದು ಚಾಸಿಗೆ ಸೇರತ್ತೆ. ಈ ಕೊಳವೆ ಅಕ್ಕಿಕಾಳಿಗಿಂತ ಚೂರು ದೊಡ್ಡದು, ಯಾರೋ ಹಿಂದೆ ಬಿಚ್ಚಿ ಕಳ್ಕೊಂಡಿರ್ತಾರೆ ಅಥವಾ ಉಲ್ಟಾ ತೋಳಿಗೆ ಹಾಕಿರ್ತಾರೆ. ಹಳಿ ಮೇಲಿಟ್ಟ ತಕ್ಷಣ ಕಂಟ್ರೋಲರ್ ಕಟ್ ಆದ್ರೆ, ಮೋಟಾರು ಸ್ವಲ್ಪನೂ ಅಲ್ಲಾಡದಿದ್ರೆ, ಮೊದ್ಲು ನೋಡ್ಬೇಕಾದ್ದು ಇದೇ. ಹೊಸ ಕೊಳವೆ ಬೇಕಂದ್ರೆ ಸಣ್ಣ ವೈರಿನ ಪ್ಲಾಸ್ಟಿಕ್ ಸಿಪ್ಪೆ ಕತ್ತರಿಸಿ ಹಾಕಿ, ಕೆಲಸ ಮುಗೀತು.

ಬ್ರಷ್ ತೆಗೆದು ನೋಡಿ. ಸವೆದು ತೀರಾ ಗಿಡ್ಡ ಆಗಿದ್ರೆ ಸ್ಪ್ರಿಂಗ್ ತೋಳು ಅದನ್ನ ಸರಿಯಾಗಿ ಒತ್ತಲ್ಲ, ಕಿಡಿ ಜಾಸ್ತಿ, ಓಟ ಕಡಿಮೆ. ಇವತ್ತಿಗೂ ಇಂಗ್ಲೆಂಡಲ್ಲಿ ಎಕ್ಸ್04 ಬ್ರಷ್ಷು, ಸ್ಪ್ರಿಂಗು ಹೊಸದಾಗಿ ಮಾಡಿ ಮಾರ್ತಾರೆ, ಲಕೋಟೆಯಲ್ಲಿ ಬರೋವಷ್ಟು ಸಣ್ಣವು. ಸ್ಪ್ರಿಂಗ್ ಬಿಗಿ ಮಾಡಿದ್ರೆ ಚೆನ್ನಾಗಿ ಓಡತ್ತೆ ಅಂತ ಬಗ್ಗಿಸೋರಿದ್ದಾರೆ, ಮಾಡ್ಬೇಡಿ, ಮೋಟಾರು ಬಿಸಿ ಆಗತ್ತೆ, ತಾಮ್ರ ಬೇಗ ಸವೆಯತ್ತೆ. ಕಮ್ಯುಟೇಟರ್ ಮೇಲೆ ಬಡ್ಸ್‌ಗೆ ಆಲ್ಕೊಹಾಲ್ ಹಾಕಿ ತಿರುಗಿಸ್ತಾ ಒರೆಸಿ, ಬಡ್ಸ್ ಕಪ್ಪಾಗೋದು ನಿಲ್ಲೋ ತನಕ. ಮೂರು ತುಂಡಿನ ಮಧ್ಯೆ ಇರೋ ಸಂದಿಯಲ್ಲಿ ಕಾರ್ಬನ್ ಪುಡಿ ಕೂತಿರತ್ತೆ, ಹಲ್ಲುಕಡ್ಡಿಯಿಂದ ಕೆರೆದು ತೆಗೀರಿ, ಸೂಜಿ ಬೇಡ.

ಇಂಜಿನ್ ಒಂದು ಕಡೆ ನಿಂತು, ಬೆರಳಿಂದ ಚೂರು ತಿರುಗಿಸಿದ್ರೆ ಓಡಿ, ಮತ್ತೆ ನಿಂತಾಗ ಅದೇ ಕಥೆ ಆದ್ರೆ ಒಂದು ಸುರುಳಿ ಹೋಗಿರಬಹುದು. ಬ್ರಷ್ ಎರಡೂ ತೆಗೆದು ಮೀಟರನ್ನ ಓಮ್‌ಗೆ ಇಟ್ಟು ತಾಮ್ರದ ಮೂರು ತುಂಡನ್ನ ಎರಡೆರಡಾಗಿ ಮುಟ್ಟಿ, ಒಂದು-ಎರಡು, ಎರಡು-ಮೂರು, ಮೂರು-ಒಂದು. ಮೂರು ರೀಡಿಂಗೂ ಒಂದೇ ಬಂದ್ರೆ ಸುರುಳಿ ಸರಿ ಇದೆ, ಅಂಕಿ ಎಷ್ಟು ಅನ್ನೋದು ಮುಖ್ಯ ಅಲ್ಲ. ಒಂದು ರೀಡಿಂಗ್ ಉಳಿದೆರಡರ ದುಪ್ಪಟ್ಟು ಬಂದ್ರೆ ಆ ಎರಡು ತುಂಡಿನ ನಡುವಿನ ಸುರುಳಿ ತುಂಡಾಗಿದೆ, ಯಾಕಂದ್ರೆ ಆಗ ಕರೆಂಟು ಇನ್ನೆರಡು ಸುರುಳಿ ಸುತ್ಕೊಂಡು ಬರ್ತಿದೆ. ತುಂಡಾಗಿರೋದು ಸಾಮಾನ್ಯವಾಗಿ ತಾಮ್ರದ ತುಂಡಿಗೆ ತಂತಿ ಸೋಲ್ಡರ್ ಆಗಿರೋ ಜಾಗದಲ್ಲಿ, ಭೂತಗನ್ನಡಿ ಇಟ್ಟು ನೋಡಿ, ಎಳೆ ಬಿಟ್ಟಿರೋದು ಕಂಡ್ರೆ ತೆಳು ಮೊನೆಯ ಐರನ್ನಿಂದ ಮತ್ತೆ ಹಚ್ಚಬಹುದು. ಇಂಥ ರಿಪೇರಿ ಮುಚ್ಚಿದ ಮೋಟಾರಲ್ಲಿ ಆಗೋ ಮಾತೇ ಅಲ್ಲ, ಹಳೇದರ ಮೇಲೆ ನನಗಿರೋ ಪ್ರೀತಿಗೆ ದೊಡ್ಡ ಕಾರಣ ಇದು.

ಮೋಟಾರು ಸರಿ ತಿರುಗತ್ತೆ, ಇಂಜಿನ್ ಮಾತ್ರ ಕುಂಟತ್ತೆ ಅಂದ್ರೆ ಮೋಟಾರ್ ಸ್ಕ್ರೂ ತೆಗೆದು ಬೇರೆ ಮಾಡಿ, ಬರೀ ಚಾಸಿಯನ್ನ ಗಾಜಿನ ಮೇಲೆ ಉರುಳಿಸಿ. ವರ್ಮ್ ಗೇರ್ ಕೂತಿರೋ ತನಕ ಗಾಲಿ ಕೈಯಲ್ಲಿ ತಿರುಗಲ್ಲ, ಅದಕ್ಕೆ ಬಿಚ್ಚಲೇಬೇಕು. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಹಿಡಿದ್ರೆ ಗಾಲಿ ಆಕ್ಸಲ್ ಮೇಲೆ ಜಾರಿದೆ, ಎರಡೂ ಬದಿಯ, ರಾಡು ಕೂರೋ ಕ್ರ್ಯಾಂಕ್ ಪಿನ್ನುಗಳ ಕೋನ ತಪ್ಪಿದೆ. ಎಲ್ಲಾ ಕಡೆ ಭಾರವಾಗಿದ್ರೆ ಹಳೇ ಗ್ರೀಸು, ಅದು ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿ ಆಗಿರತ್ತೆ, ಅದರ ಮೇಲೆ ಹೊಸ ಎಣ್ಣೆ ಬಿಟ್ರೆ ಪ್ರಯೋಜನ ಇಲ್ಲ, ಪೂರ್ತಿ ತೊಳೆದು ಒಣಗಿಸಿ ಆಮೇಲೆ ಬೇರಿಂಗ್‌ಗೆ ಒಂದೊಂದು ಹನಿ ಹಾಕಿ. ಮುಂದಕ್ಕೆ ಚೆನ್ನಾಗಿ ಓಡಿ ಹಿಂದಕ್ಕೆ ಕಿರುಗುಟ್ಟಿದ್ರೆ ಆರ್ಮೇಚರ್ ಹಿಂದೆ ಮುಂದೆ ಜಾಸ್ತಿ ಆಡ್ತಿದೆ, ಇಲ್ಲಾ ಮೋಟಾರಿನ ಸ್ಕ್ರೂ ಸಡಿಲ ಆಗಿ ವರ್ಮ್ ಗೇರಿಂದ ಮೇಲೇಳ್ತಿದೆ.

ಮನೇಲಿ ಸರಿ ಆಗದ ಹಳೇ ದೋಷಗಳೂ ಇವೆ. ಮ್ಯಾಗ್ನೆಟ್ ಸೊರಗೋದು ಒಂದು: ಎಳೆಯೋ ಶಕ್ತಿ ಇಲ್ಲ, ಬರೀ ಇಂಜಿನ್ ಮಾತ್ರ ಜೋರಾಗಿ ಓಡತ್ತೆ, ಎರಡು ಬೋಗಿ ಹಾಕಿದ್ರೆ ಉಸಿರು ಕಟ್ಟತ್ತೆ, ಕರೆಂಟು ಜಾಸ್ತಿ ಎಳೆಯತ್ತೆ, ಸ್ವಲ್ಪ ಹೊತ್ತಿಗೆ ಮೋಟಾರು ಮುಟ್ಟೋಕಾಗದಷ್ಟು ಬಿಸಿ. ಇವೆಲ್ಲ ಒಟ್ಟಿಗೆ ಕಂಡ್ರೆ ಬ್ರಷ್ ಬದಲಿಸಿ ಟೈಮ್ ವೇಸ್ಟ್ ಮಾಡ್ಬೇಡಿ. ಮತ್ತೆ ಮ್ಯಾಗ್ನೆಟೈಸ್ ಮಾಡಿಸ್ಬೇಕು ಅಥವಾ ಈಗ ಸಿಗೋ ನಿಯೋಡಿಮಿಯಂ ತುಂಡು ಹಾಕ್ಬೇಕು. ಹಳೇ ಹಾರ್ನ್‌ಬಿ ಡಬ್ಲೋ ಮೋಟಾರುಗಳಲ್ಲಿ ಆರ್ಮೇಚರ್ ಹೊರಗೆ ತೆಗೆದ್ರೇ ಸಾಕು ಮ್ಯಾಗ್ನೆಟ್ ಸೊರಗತ್ತೆ, ಹಾಗಾಗಿ ಸುಮ್ನೆ ಕ್ಲೀನಿಂಗ್‌ಗೆ ಅಂತ ಅದನ್ನ ಪೂರ್ತಿ ಬಿಚ್ಚಬೇಡಿ. ಎರಡನೇದು ಮಝಾಕ್ ಕೊಳೆಯೋದು. ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತಿದ್ರೆ ವರ್ಷಗಳಾದ ಮೇಲೆ ಅದು ಉಬ್ಬಿ ಸೀಳಿ ಬಿಸ್ಕತ್ತಿನ ಪುಡಿ ಆಗತ್ತೆ, ಅಂಟಿಗೆ ನಿಲ್ಲಲ್ಲ, ಬೇರೆ ಚಾಸಿ ಹುಡುಕೋದೇ ದಾರಿ. 2000ದ ಈಚೆ ತಯಾರಾದ ಕೆಲವು ಇಂಜಿನ್‌ಗಳಲ್ಲೂ ಈ ರೋಗ ಬಂದಿದೆ, ಕೊಳ್ಳೋ ಮುಂಚೆ ಚಾಸಿ ಬಾಗಿದೆಯಾ, ಕೂದಲೆಳೆ ಬಿರುಕಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.

ಈಗ ಡಿಜಿಟಲ್ಲು: ಎಂಟು ಪಿನ್ನಿನ ಸಾಕೆಟ್ಟೇ ನಿಮ್ಮ ಬಾಗಿಲು

ಒಒ ಮತ್ತು ಎಚ್ಒ (16.5 ಮಿಲಿಮೀಟರ್ ಹಳಿ ಮೇಲೆ ಓಡೋ ಎರಡು ಮಾಡೆಲ್ ಅಳತೆಗಳು) ಇಂಜಿನ್‌ಗಳಲ್ಲಿ ಜಾಸ್ತಿ ಸಿಗೋದು 8 ಪಿನ್ ಸಾಕೆಟ್, ಈಚಿನವುಗಳಲ್ಲಿ 21 ಪಿನ್. ಎಂಟರದ್ದು ತಿಳ್ಕೊಂಡ್ರೆ ಉಳಿದದ್ದೂ ಅದೇ ದಾರಿ. ಪಿನ್ 1 ಕಿತ್ತಳೆ ವೈರು ಮತ್ತು ಪಿನ್ 5 ಬೂದು ವೈರು, ಇವೆರಡು ಮೋಟಾರಿಗೆ. ಪಿನ್ 8 ಕೆಂಪು ಬಲ ಹಳಿಗೆ, ಪಿನ್ 4 ಕಪ್ಪು ಎಡ ಹಳಿಗೆ. ಪಿನ್ 7 ನೀಲಿ ದೀಪಗಳ ಕಾಮನ್ ಪ್ಲಸ್, 6 ಬಿಳಿ ಮುಂದಿನ ದೀಪ, 2 ಹಳದಿ ಹಿಂದಿನ ದೀಪ, 3 ಹಸಿರು ಇನ್ನೊಂದು ಫಂಕ್ಷನ್.

ಡಿಕೋಡರ್ ನಿಧಾನಕ್ಕೆ ಎತ್ತಿ ತೆಗೀರಿ, ವೈರು ಹಿಡಿದು ಎಳೀಬೇಡಿ. 9 ವೋಲ್ಟ್ ಬ್ಯಾಟರಿಯನ್ನ ಸಾಕೆಟ್ಟಿನ 1 ಮತ್ತು 5ಕ್ಕೆ ಕೊಡಿ. ಮೋಟಾರು ತಿರುಗಿದ್ರೆ ಸಾಕೆಟ್ಟಿಂದ ಮೋಟಾರಿನ ತನಕ ಎಲ್ಲಾ ಸರಿ ಇದೆ ಅಂತಾಯ್ತು. ಆಮೇಲೆ ಮೀಟರ್ ಬೀಪ್‌ಗೆ ಇಟ್ಟು 8ರಿಂದ ಬಲಗಡೆಯ ಒಂದೊಂದು ಗಾಲಿಗೆ, 4ರಿಂದ ಎಡಗಡೆಯ ಒಂದೊಂದು ಗಾಲಿಗೆ ಮುಟ್ಟಿ, ಪಿಕಪ್ ಇರೋ ಪ್ರತಿ ಗಾಲಿಯೂ ಬೀಪ್ ಅನ್ಬೇಕು, ಗಾಲಿ ತಿರುಗಿಸ್ತಾ ಇದ್ದಾಗ್ಲೂ ಅನ್ಬೇಕು. ಕೊನೆಗೆ ಅತಿ ಮುಖ್ಯದ್ದು: 1 ಅಥವಾ 5ರಿಂದ 4 ಅಥವಾ 8ಕ್ಕೆ ಬೀಪ್ ಬರಲೇಬಾರದು. ಬಂತು ಅಂದ್ರೆ ಮೋಟಾರು ಎಲ್ಲೋ ಚಾಸಿಗೋ ಪಿಕಪ್‌ಗೋ ತಾಗಿದೆ, ಆ ಸ್ಥಿತಿಯಲ್ಲಿ ಹೊಸ ಡಿಕೋಡರ್ ಹಾಕಿದ್ರೆ ಅದೂ ಸುಡತ್ತೆ. ಈ ಒಂದು ಪರೀಕ್ಷೆ ಮಾಡದೇ ಡಿಕೋಡರ್ ಮೇಲೆ ಡಿಕೋಡರ್ ಕಳ್ಕೊಂಡೋರನ್ನ ನೋಡಿದ್ರೆ ಬೇಜಾರಾಗತ್ತೆ.

ಪರಿಚಯದವರೊಬ್ಬರು ತಮ್ಮ ಸೌಂಡ್ ಇಂಜಿನ್ ತಂದಿದ್ರು, ಅಂಗಡಿಯವರು ಚಿಪ್ ಬದಲಿಸ್ಬೇಕು ಅಂದಿದ್ರಂತೆ. 1 ಮತ್ತು 5ಕ್ಕೆ ಬ್ಯಾಟರಿ ಕೊಟ್ಟೆ, ಮೋಟಾರು ಸಲೀಸಾಗಿ ತಿರುಗ್ತು. ಪಿನ್ 4ರಿಂದ ಎಡಗಡೆ ಗಾಲಿಗಳಿಗೆ ಮುಟ್ಟಿದ್ರೆ ಮೂರರಲ್ಲಿ ಒಂದೇ ಬೀಪ್, ಅದೂ ಗಾಲಿ ತಿರುಗಿಸಿದ್ರೆ ಹೋಗಿ ಬಂದು ಮಾಡ್ತಿತ್ತು. ಕೆಳಗಿನ ಪ್ಲೇಟ್ ಬಿಚ್ಚಿದ್ರೆ ಕಾರ್ಪೆಟ್ಟಿನ ಕೆಂಪು ಎಳೆ ಆಕ್ಸಲ್‌ಗೆ ಸುತ್ಕೊಂಡು ಪಿಕಪ್ ಪಟ್ಟಿಯನ್ನ ಗಾಲಿಯಿಂದ ದೂರ ತಳ್ಳಿತ್ತು. ಚಿಮುಟದಿಂದ ಎಳೆ ಬಿಡಿಸಿ, ಪಟ್ಟಿಯನ್ನ ಗಾಲಿಯ ಹಿಂಬದಿಗೆ ಮೆತ್ತಗೆ ಒರಗೋ ಹಾಗೆ ಬಗ್ಗಿಸಿ, ಆಲ್ಕೊಹಾಲ್ ಹಾಕಿ ಒರೆಸಿದ್ದೇ ಸರಿ, ಅದೇ ಹಳೇ ಚಿಪ್ಪಲ್ಲಿ ಇವತ್ತಿಗೂ ಓಡ್ತಿದೆ.

ಇಂಜಿನ್ ಪಾಸಾದ ಮೇಲೆ ಬ್ಲ್ಯಾಂಕಿಂಗ್ ಪ್ಲಗ್ ಹಾಕಿ, ಅಂದ್ರೆ ಡಿಕೋಡರ್ ಬದ್ಲು ಬರೋ ಸಣ್ಣ ಪ್ಲಗ್ಗು, ಅದು 8ನ್ನ 1ಕ್ಕೂ 4ನ್ನ 5ಕ್ಕೂ ನೇರ ಸೇರಿಸತ್ತೆ. ಈಗ ಇದು ಅಪ್ಪಟ ಡಿಸಿ ಇಂಜಿನ್, ಡಿಸಿ ಕಂಟ್ರೋಲರ್ ಹಳಿ ಮೇಲೆ ಎರಡೂ ದಿಕ್ಕಿಗೆ ಓಡಿಸಿ. ನಿಯಮಿತವಾಗಿ ಟಕ್ ಟಕ್ ಅಂತ ಶಬ್ದ ಬಂದ್ರೆ ಆಕ್ಸಲ್ ಗೇರ್ ಸೀಳಿದೆ, ಪ್ಲಾಸ್ಟಿಕ್ ಗೇರುಗಳಲ್ಲಿ ಇದು ಮಾಮೂಲು. ಆ ಪ್ಲಗ್ಗನ್ನ ಡಬ್ಬದಲ್ಲೇ ಬಿಸಾಡ್ಬೇಡಿ, ಇಡೀ ಡಬ್ಬದಲ್ಲಿ ಅದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ.

ಚಿಪ್ ಕಡೆಯ ಲಕ್ಷಣಗಳು

ಇಂಜಿನ್ ಓಡತ್ತೆ, ಆದ್ರೆ ದೀಪ ಉರಿಯಲ್ಲ, ಮುಂದಕ್ಕೆ ಅಂದ್ರೆ ಹಿಂದಕ್ಕೆ ಹೋಗತ್ತೆ: ಪ್ಲಗ್ ಉಲ್ಟಾ ಹಾಕಿದೀರಿ. ತೆಗೆದು ತಿರುಗಿಸಿ ಹಾಕಿ, 8 ಪಿನ್ನಲ್ಲಿ ಇದರಿಂದ ಸಾಮಾನ್ಯವಾಗಿ ಏನೂ ಹಾಳಾಗಲ್ಲ.

ಸ್ಪೀಡ್ ಏರಿಸ್ತಾ ಹೋದ ಹಾಗೆ ಹೆಡ್‌ಲೈಟ್ ಒಂದು ಸ್ಟೆಪ್ಪಿಗೆ ಹತ್ತಿ ಮುಂದಿನ ಸ್ಟೆಪ್ಪಿಗೆ ಆರಿದ್ರೆ ವೈರಿಂಗ್ ಹುಡುಕ್ಬೇಡಿ, ಡಿಕೋಡರ್ 14 ಸ್ಟೆಪ್ಪಿಗೆ, ಕಂಟ್ರೋಲರ್ 28ಕ್ಕೆ ಸೆಟ್ ಆಗಿದೆ. ಸಿವಿ 29ರಲ್ಲಿ ಸರಿ ಮಾಡ್ಬೇಕು. ಸಿವಿ ಅಂದ್ರೆ ಡಿಕೋಡರ್ ಒಳಗೆ ನಂಬರ್ ಹಾಕಿರೋ ಸೆಟ್ಟಿಂಗ್‌ಗಳು, ಇಂಜಿನ್ನಿನ ಅಡ್ರೆಸ್ ಸಿವಿ 1ರಲ್ಲಿ, ಹೊಸದರಲ್ಲಿ ಅದು 3. ಸಿವಿ 29 ಮಾತ್ರ ನಾಲ್ಕೈದು ಸ್ವಿಚ್ಚುಗಳನ್ನ ಕೂಡಿಸಿದ ಒಂದು ಸಂಖ್ಯೆ: ದಿಕ್ಕು ಉಲ್ಟಾಗೆ 1, 28 ಸ್ಟೆಪ್ಪಿಗೆ 2, ಡಿಸಿ ಹಳಿ ಮೇಲೂ ಓಡೋಕೆ 4, ಉದ್ದ ಅಡ್ರೆಸ್‌ಗೆ 32. ಮಾಮೂಲಿ ಇಂಜಿನ್ನಲ್ಲಿ 6 ಇರತ್ತೆ, ಉದ್ದ ಅಡ್ರೆಸ್ ಇದ್ರೆ 38.

ಕರೆಂಟು ಹಾಕಿದ ತಕ್ಷಣ ಅಥವಾ ಎಲ್ಲೋ ಶಾರ್ಟ್ ಆಗಿ ಬಿಟ್ಟ ಮೇಲೆ ಇಂಜಿನ್ ಯಾರ ಮಾತೂ ಕೇಳದೇ ಫುಲ್ ಸ್ಪೀಡಲ್ಲಿ ಓಡಿಹೋದ್ರೆ ಡಿಕೋಡರ್ ಹಳಿಯನ್ನ ಡಿಸಿ ಅಂತ ತಿಳ್ಕೊಂಡಿದೆ. ಸಿವಿ 29ರಿಂದ ಆ 4 ಕಳೀರಿ, 6 ಇದ್ರೆ 2 ಮಾಡಿ, 38 ಇದ್ರೆ 34. ಮೇಜಿನ ಅಂಚಿಂದ ಕೆಳಗೆ ಬಿದ್ದು ಒಡೆದ ಇಂಜಿನ್ ನೋಡಿದಾಗ ಇಷ್ಟು ಸುಲಭದ ಪರಿಹಾರ ಮುಂಚೆನೇ ಇತ್ತಲ್ಲ ಅನಿಸತ್ತೆ, ಹಾಗಾಗಿ ಡಿಸಿ ಹಳಿ ಉಪಯೋಗಿಸದೇ ಇರೋರು ಮೊದಲ ದಿನವೇ ಇದನ್ನ ಮಾಡಿಟ್ಕೊಳ್ಳಿ.

ದೀಪ, ಸೌಂಡ್ ಎಲ್ಲಾ ತನ್ನ ಅಡ್ರೆಸ್‌ಗೆ ಉತ್ತರ ಕೊಡತ್ತೆ, ಇಂಜಿನ್ ಮಾತ್ರ ಅಲ್ಲಾಡಲ್ಲ, ಮೋಟಾರು ಪರೀಕ್ಷೆಲಿ ಪಾಸಾಗಿದೆ ಅಂದ್ರೆ ಸಿವಿ 19 ಓದಿ. ಎರಡು ಇಂಜಿನ್ ಜೋಡಿಸಿ ಓಡಿಸೋಕೆ ಕೊಟ್ಟ ಅಡ್ರೆಸ್ ಅಲ್ಲಿ ಉಳ್ಕೊಂಡಿರತ್ತೆ, ಅದು ಸೊನ್ನೆ ಆಗೋ ತನಕ ಇಂಜಿನ್ ಸ್ವಂತ ಅಡ್ರೆಸ್‌ನ ಸ್ಪೀಡ್ ಆಜ್ಞೆ ಕೇಳಲ್ಲ. ಸೆಕೆಂಡ್ ಹ್ಯಾಂಡ್ ಕೊಂಡ ಇಂಜಿನ್‌ಗಳಲ್ಲಿ ಇದನ್ನ ಕಣ್ಣುಮುಚ್ಚಿ ಮೊದ್ಲು ನೋಡಿ.

ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ದಾಟುವಾಗ ನಿಂತು, ಸೌಂಡು ಮೊದಲಿಂದ ಸ್ಟಾರ್ಟ್ ಆದ್ರೆ ಕರೆಂಟು ತಪ್ತಿದೆ ಅಷ್ಟೇ. ಪ್ಲಾಸ್ಟಿಕ್ ಫ್ರಾಗ್ (ಪಾಯಿಂಟಲ್ಲಿ ಎರಡು ಹಳಿ ಒಂದನ್ನೊಂದು ದಾಟೋ ತುಂಡು) ಮೇಲೆ ಗಿಡ್ಡ ಇಂಜಿನ್ನಿನ ಪಿಕಪ್ ಗಾಲಿಗಳೆಲ್ಲ ಒಂದೇ ಸಲ ಕರೆಂಟಿಲ್ಲದ ಜಾಗದಲ್ಲಿರತ್ತೆ. ಗಾಲಿ ಕ್ಲೀನ್ ಮಾಡಿ, ಪಿಕಪ್ ಸರಿ ಮಾಡಿ, ಆಮೇಲೂ ಬೇಕಂದ್ರೆ ಕರೆಂಟ್ ತಪ್ಪಿದ ಕ್ಷಣಕ್ಕೆ ಆಸರೆ ಕೊಡೋ ಸ್ಟೇ-ಅಲೈವ್ ಕೆಪಾಸಿಟರ್ ಹಾಕಿ. ಪಾಯಿಂಟ್ ಮೇಲೆ ಇಡೀ ಸಿಸ್ಟಮ್ಮೇ ಟ್ರಿಪ್ ಆದ್ರೆ ಅದು ಬೇರೆ ಕಥೆ, ಗಾಲಿಯ ಬೆನ್ನಿನಿಂದ ಬೆನ್ನಿಗೆ ಇರೋ ಅಂತರ ಅಳೀರಿ, ಈಗಿನ ಒಒದಲ್ಲಿ ಅದು ಸುಮಾರು 14.5 ಮಿಲಿಮೀಟರ್ ಇರ್ಬೇಕು, ಹಳೇ ಟ್ರೈಆಂಗ್ ಗಾಲಿಗಳಲ್ಲಿ ಕಡಿಮೆ, ಅಂಚೂ ದಪ್ಪ, ಹೊಸ ಸೂಕ್ಷ್ಮ ಹಳಿಯಲ್ಲಿ ಅವು ಎರಡೂ ಕಡೆ ತಾಗಿ ಶಾರ್ಟ್ ಮಾಡತ್ತೆ, ಸ್ಲೀಪರ್ ಮೇಲೆ ಕುಪ್ಪಳಿಸತ್ತೆ ಕೂಡ.

ಪ್ರೋಗ್ರಾಮಿಂಗ್ ಹಳಿ (ಸೆಟ್ಟಿಂಗ್ ಓದಿ ಬರೆಯೋಕೆ ಅಂತ ಬೇರೆ ಇಟ್ಟ ಹಳಿ) ಮೇಲೆ ಸಿವಿ ಓದೋಕೇ ಆಗ್ತಿಲ್ಲ ಅಂದ ಮಾತ್ರಕ್ಕೆ ಡಿಕೋಡರ್ ಸತ್ತಿಲ್ಲ. ಡಿಕೋಡರ್ ಉತ್ತರ ಕೊಡೋದು ಮೋಟಾರಿಗೆ ಒಂದು ಕ್ಷಣ ಕರೆಂಟು ಬಿಟ್ಟು, ಕನಿಷ್ಠ 60 ಮಿಲಿಆಂಪ್, ಸುಮಾರು 6 ಮಿಲಿಸೆಕೆಂಡ್. ಗಾಲಿ ಕೊಳೆ ಆಗಿದ್ರೆ, ಮೋಟಾರ್ ವೈರ್ ಬಿಟ್ಟಿದ್ರೆ, ತುಂಬ ಕಡಿಮೆ ಕರೆಂಟು ಎಳೆಯೋ ಮೋಟಾರಿದ್ರೆ, ಸ್ಟೇ-ಅಲೈವ್ ಹಾಕಿದ್ರೆ ಆ ಉತ್ತರ ಕೇಳಿಸಲ್ಲ. ಓದೋಕಾಗದಿದ್ರೂ ಬರೆಯೋಕಾಗಬಹುದು, ರೀಸೆಟ್ ಬರೆದು ನೋಡಿ, ಸುಮಾರು ಕಂಪನಿಗಳಲ್ಲಿ ಸಿವಿ 8ಕ್ಕೆ 8 ಬರೆಯೋದು, ಕೆಲವರದ್ದು ಬೇರೆ, ಡಿಕೋಡರ್ ಜೊತೆ ಬಂದ ಚೀಟಿ ನೋಡ್ಕೊಳ್ಳಿ. ರೀಸೆಟ್ ಆದ್ಮೇಲೆ ಅಡ್ರೆಸ್ 3ರಲ್ಲಿ ಕರೀರಿ.

ಇಷ್ಟೂ ಮಾಡಿದ ಮೇಲೆ ಕೊನೇ ಪರೀಕ್ಷೆ, ಆ ಡಿಕೋಡರನ್ನ ಚೆನ್ನಾಗಿ ಓಡ್ತಿರೋ ಇನ್ನೊಂದು ಇಂಜಿನ್ನಿಗೆ ಹಾಕೋದು. ಅಲ್ಲೂ ಓಡದಿದ್ರೆ, ಹೊದಿಕೆ ಕಂದಾಗಿ ಉಬ್ಬಿದ್ರೆ, ಸುಟ್ಟ ವಾಸನೆ ಬಂದ್ರೆ, ಆಗ ಹೇಳಿ ಚಿಪ್ ಹೋಯ್ತು ಅಂತ. ಹೊಸದು ಹಾಕೋದು ಎರಡು ನಿಮಿಷದ ಕೆಲಸ. ನನ್ನ ಪ್ರಕಾರ ಡಿಜಿಟಲ್ ಇಂಜಿನ್ನಲ್ಲಿ ಬದಲಿಸೋಕೆ ಅತಿ ಸುಲಭದ ಭಾಗ ಚಿಪ್ಪೇ. ಕಷ್ಟ ಇರೋದು ಅದರ ಸುತ್ತ, ಮುಚ್ಚಿದ ಮೋಟಾರು ಬ್ರಷ್ ಸವೆದ್ರೆ ಇಡೀದು ಬದಲಿಸ್ಬೇಕು, ಬಾಡಿಯ ಪ್ಲಾಸ್ಟಿಕ್ ಕ್ಲಿಪ್ಪು ಬಿಚ್ಚುವಾಗ ಮುರಿಯತ್ತೆ, ಕೂದಲಂಥ ವೈರುಗಳು ಎತ್ತಿದ್ರೆ ಕಿತ್ಕೊಂಡು ಬರತ್ತೆ, ಆ ಮಾಡೆಲ್ಲಿನ ಗೇರು ಬೇಕಂದ್ರೆ ನಾಲ್ಕು ವರ್ಷದಲ್ಲೇ ಸ್ಪೇರ್ ಸಿಗೋದು ನಿಂತಿರತ್ತೆ. ಹಳೇದರ ಬ್ರಷ್ ಮಾತ್ರ ಈಗಲೂ ಸಿಗತ್ತೆ. ರಿಪೇರಿ ಅನ್ನೋ ಒಂದೇ ಲೆಕ್ಕದಲ್ಲಿ ನೋಡಿದ್ರೆ ಹಳೇದೇ ಗೆಲ್ಲತ್ತೆ, ನಿಧಾನ ಓಟ, ದೀಪ, ಸೌಂಡು, ಒಂದೇ ಹಳಿ ಮೇಲೆ ಬೇರೆ ಬೇರೆ ಇಂಜಿನ್ ಇವೆಲ್ಲ ಬೇಕಂದ್ರೆ ಡಿಜಿಟಲ್ಲೇ ಬೇಕು.

ಹಳೇದಕ್ಕೆ ಚಿಪ್ ಹಾಕೋರಿಗೆ

ಆಗತ್ತೆ, ಎಕ್ಸ್04ಗೂ ಹಾಕಬಹುದು. ಆದ್ರೆ ಬರಿ ತೋಳು ಚಾಸಿಗೆ ಸೇರಿರೋದನ್ನ ಬಿಡಿಸ್ಬೇಕು, ಆ ತೋಳಿಗೂ ಕೊಳವೆ ಹಾಕಿ, ಎರಡೂ ಬ್ರಷ್ಷಿಗೆ ಬೇರೆ ಬೇರೆ ವೈರು ಕೊಟ್ಟು, ಒಂದಕ್ಕೆ ಕಿತ್ತಳೆ ಒಂದಕ್ಕೆ ಬೂದು. ಚಾಸಿಯಿಂದ ಬರೋದು ಕಪ್ಪು ಅಥವಾ ಕೆಂಪಿಗೆ ಹೋಗತ್ತೆ. ಚಾಸಿಗೂ ಎರಡೂ ಬ್ರಷ್ಷಿಗೂ ಬೀಪ್ ಬರಬಾರದು, ಇದನ್ನ ಎರಡೆರಡು ಸಲ ನೋಡಿ. ಆಮೇಲೆ ಮೀಟರನ್ನ ಆಂಪ್‌ಗೆ ಇಟ್ಟು 12 ವೋಲ್ಟ್ ಕೊಟ್ಟು ಗಾಲಿಯನ್ನ ಒಂದು ಕ್ಷಣ ಹಿಡಿದು ನಿಲ್ಲಿಸಿ, ಆಗ ಬರೋ ಕರೆಂಟು ಡಿಕೋಡರ್ ತಡ್ಕೊಳ್ಳೋ ಮಿತಿಗಿಂತ ಕಡಿಮೆ ಇರ್ಬೇಕು, ಇಲ್ಲಾಂದ್ರೆ ಜಾಸ್ತಿ ಕರೆಂಟು ತಡ್ಕೊಳ್ಳೋ ಡಿಕೋಡರ್ ಹಾಕಿ. ಮೋಟಾರಿಗೆ ಅಡ್ಡ ಹಾಕಿರೋ ಹಳೇ ಕೆಪಾಸಿಟರ್ ತೆಗೆದ್ರೆ ನಿಧಾನ ಓಟ ಸುಧಾರಿಸತ್ತೆ. ಚಿಪ್ ಇಲ್ಲದ ಹಳೇ ಇಂಜಿನ್ನನ್ನ ಮಾತ್ರ ಡಿಸಿಸಿ ಹಳಿ ಮೇಲೆ ಸುಮ್ನೆ ನಿಲ್ಲಿಸ್ಬೇಡಿ, ನಿಂತಲ್ಲೇ ಗುಂಯ್ ಅಂತ ಬಿಸಿಯಾಗಿ ಸುರುಳಿಯ ವಾರ್ನಿಶ್ ಹಾಳಾಗತ್ತೆ.

ಎಲ್ಲಾ ಸರಿ ಮಾಡಿ, ಬಾಡಿ ಇಲ್ಲದೇ ಚೆನ್ನಾಗಿ ಓಡಿ, ಬಾಡಿ ಕೂರಿಸಿದ ತಕ್ಷಣ ಮತ್ತೆ ನಿಂತ್ರೆ ಗಾಬರಿ ಬೇಡ, ಹೊಸ ದೋಷ ಹುಡುಕೋದೂ ಬೇಡ. ಬಾಡಿಯ ಒಳಗಿನ ಸ್ಕ್ರೂ ಕಂಬ ಯಾವುದೋ ವೈರನ್ನ ಒತ್ತಿ ಹಿಡಿದಿರತ್ತೆ, ಇಲ್ಲಾ ಡಿಕೋಡರ್ ಸರಿದು ಚಾಸಿಗೆ ತಾಗಿರತ್ತೆ. ತಕ್ಷಣ ಕರೆಂಟ್ ಆಫ್ ಮಾಡಿ, ಬಾಡಿ ಎತ್ತಿ, ವೈರುಗಳನ್ನ ಕ್ಯಾಪ್ಟಾನ್ ಟೇಪಿಂದ (ಬಿಸಿ ತಡೆಯೋ ಇನ್ಸುಲೇಶನ್ ಟೇಪು) ಒಂದು ಬದಿಗೆ ಅಂಟಿಸಿ, ಡಿಕೋಡರ್ ಕೆಳಗೆ ಅದೇ ಟೇಪಿನ ಒಂದು ಪದರ ಹಾಕಿ, ಮತ್ತೆ ಕೂರಿಸಿ.